ಕ್ಯಾಬಿನೆಟ್ ಫ್ಯಾನ್ ನಿಂತಿದೆಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿರುವವನು ನಾನು. ಮಾರ್ಚ್ ಬಂತೆಂದರೆ ಅಂಗಡಿ ಮುಂದೆ ಕ್ಯಾಬಿನೆಟ್‌ಗಳ ಸಾಲು ಶುರು. ಇಂಡಿಯಿಂದ, ಸಿಂದಗಿಯಿಂದ, ಬಸವನ ಬಾಗೇವಾಡಿಯಿಂದ ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ಬರುತ್ತಾರೆ. "ಅಣ್ಣಾರ, ಫ್ಯಾನ್ ತಿರುಗವಲ್ದು ನೋಡ್ರಿ." ಬಿಚ್ಚಿ ನೋಡಿದರೆ ಎಷ್ಟೋ ಸಲ ಹತ್ತು ನಿಮಿಷದ ಕೆಲಸ. ಹೋಗಿ ಬರುವ ಬಸ್ ಚಾರ್ಜು ರಿಪೇರಿಗಿಂತ ಜಾಸ್ತಿ. ಅದಕ್ಕೇ ಅವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಫ್ಯಾನ್ ನಿಂತಿದೆ. ಕಂಪ್ಯೂಟರ್ ಈಗಲೇ ಬಂದ್ ಮಾಡಬೇಕಾ?

ಯಾವ ಫ್ಯಾನ್ ಎನ್ನುವುದರ ಮೇಲೆ ಹೋಗುತ್ತದೆ. ಡಬ್ಬಿಯೊಳಗೆ ಸಾಮಾನ್ಯವಾಗಿ ಮೂರು ಕಡೆ ಫ್ಯಾನ್ ಇರುತ್ತವೆ. ಒಂದು ಪ್ರೊಸೆಸರ್ ತಲೆ ಮೇಲೆ. ಒಂದು ಎಸ್‌ಎಂಪಿಎಸ್ ಒಳಗೆ, ಅಂದರೆ ಕರೆಂಟಿನ ದಪ್ಪ ವೈರ್ ಚುಚ್ಚುವ ಪೆಟ್ಟಿಗೆಯಲ್ಲಿ. ಉಳಿದವು ಕ್ಯಾಬಿನೆಟ್ಟಿನ ಮುಂದೆ, ಹಿಂದೆ, ಕೆಲವಕ್ಕೆ ಮೇಲೂ ಇರುತ್ತವೆ. ಮೊದಲ ಎರಡರಲ್ಲಿ ಯಾವುದು ನಿಂತರೂ ಕೆಲಸ ಉಳಿಸಿಕೊಂಡು ತಕ್ಷಣ ಬಂದ್ ಮಾಡಿ. ಕ್ಯಾಬಿನೆಟ್ ಫ್ಯಾನ್ ಒಂದು ನಿಂತರೆ ಅಂಥ ಗಾಬರಿ ಬೇಡ. ಪತ್ರ ಟೈಪ್ ಮಾಡುವುದು, ಬಿಲ್ ಹಾಕುವುದು, ಇಷ್ಟಕ್ಕೆ ಎರಡು ದಿನ ತಡೆದುಕೊಳ್ಳುತ್ತದೆ.

ಆದರೆ ನಮ್ಮ ಬೇಸಿಗೆಯ ಲೆಕ್ಕ ಬೇರೆ. ಏಪ್ರಿಲ್, ಮೇನಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ. ತಗಡಿನ ಶೆಡ್ಡಿನ ಅಂಗಡಿಯಾದರೆ ಒಳಗೂ ಅಷ್ಟೇ. ಫ್ಯಾನ್ ಮಾಡುವುದು ಬರೀ ಗಾಳಿ ಬದಲಿಸುವ ಕೆಲಸ, ಎಸಿ ಕೆಲಸ ಅಲ್ಲ. ಕೋಣೆ 38 ಇದ್ದರೆ ಡಬ್ಬಿಯ ಒಳಗೆ ಅದಕ್ಕಿಂತ ಕೆಳಗೆ ಇಳಿಯುವ ಮಾತೇ ಇಲ್ಲ. ಒಳಗಿನ ಬಿಸಿ ಹೊರಗೆ ಹೋಗದಿದ್ದರೆ ಪ್ರೊಸೆಸರ್ 95, 100 ಡಿಗ್ರಿ ಹತ್ತಿರ ಹೋಗಿ, ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. "ಬೆಳಿಗ್ಗೆ ಚಲೋ ನಡೀತದ, ಮಧ್ಯಾಹ್ನ ಹ್ಯಾಂಗ್ ಆಗ್ತದ" ಎಂದು ಬರುವವರಿಗೆ ನಾನು ವೈರಸ್ ಹುಡುಕುವುದಿಲ್ಲ. ಮೊದಲು ಫ್ಯಾನ್ ನೋಡುತ್ತೇನೆ.

ಕೆಲವೊಮ್ಮೆ ತಿರುಗುತ್ತದೆ, ಕೆಲವೊಮ್ಮೆ ನಿಲ್ಲುತ್ತದೆ. ಕೆಟ್ಟಿದೆಯಾ?

ಬೇಕೆಂದೇ ನಿಂತಿರಬಹುದು. ಈಗಿನ ಎಷ್ಟೋ ಗ್ರಾಫಿಕ್ಸ್ ಕಾರ್ಡ್‌ಗಳ ಫ್ಯಾನ್ ಕೆಲಸ ಕಡಿಮೆ ಇದ್ದಾಗ ತಿರುಗುವುದೇ ಇಲ್ಲ. ಕೆಲವು ಎಸ್‌ಎಂಪಿಎಸ್‌ಗಳದ್ದೂ ಅದೇ ಕಥೆ. ಕ್ಯಾಬಿನೆಟ್ ಫ್ಯಾನಿಗೂ ಬಯಾಸ್‌ನಲ್ಲಿ, ಅಂದರೆ ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಸೆಟ್ಟಿಂಗ್ ಪರದೆಯಲ್ಲಿ, ಫ್ಯಾನ್ ಸ್ಟಾಪ್ ಎಂಬ ಆಯ್ಕೆ ಕೆಲವು ಮದರ್‌ಬೋರ್ಡ್‌ಗಳಲ್ಲಿ (ಒಳಗಿನ ಮುಖ್ಯ ಬೋರ್ಡ್) ಇದೆ. ತಾಪ ಇಂತಿಷ್ಟಕ್ಕಿಂತ ಕಡಿಮೆ ಇದ್ದರೆ ಫ್ಯಾನ್ ನಿಲ್ಲಿಸು ಎಂದು ಅದರ ಅರ್ಥ. ಕಂಪ್ಯೂಟರ್ ಆನ್ ಆದ ಕೂಡಲೇ ಡಿಲೀಟ್ ಅಥವಾ ಎಫ್2 ಒತ್ತಿ ಬಯಾಸ್ ಒಳಗೆ ಹೋಗಿ. ಏಸುಸ್ ಬೋರ್ಡ್ ಆದರೆ ಕ್ಯೂ-ಫ್ಯಾನ್ ಅಂತ, ಗಿಗಾಬೈಟ್ ಆದರೆ ಸ್ಮಾರ್ಟ್ ಫ್ಯಾನ್ ಅಂತ ಇರುತ್ತದೆ. ಆ ಫ್ಯಾನನ್ನು ಫುಲ್ ಸ್ಪೀಡ್‌ಗೆ ಇಟ್ಟು ನೋಡಿ. ಗರ್ ಎಂದು ತಿರುಗಿದರೆ ಫ್ಯಾನ್ ಸರಿ ಇದೆ, ಸೆಟ್ಟಿಂಗ್ ಬದಲಿಸಿದರೆ ಸಾಕು.

ಬಿಚ್ಚಿದ ಮೇಲೆ ಮೊದಲು ಏನು ನೋಡಬೇಕು?

ಸ್ವಿಚ್ ಬಂದ್ ಮಾಡಿ, ಗೋಡೆಯ ಪ್ಲಗ್ ಕಿತ್ತು, ಪವರ್ ಬಟನ್ ಐದಾರು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಖಾಲಿಯಾಗುತ್ತದೆ. ಆಮೇಲೆ ಬದಿಯ ತಗಡು ತೆಗೆಯಿರಿ.

ಮೊದಲು ಸುಮ್ನೆ ನೋಡಿ. ಕೈ ಹಾಕಬೇಡಿ. ಯಾವುದಾದರೂ ವೈರ್ ರೆಕ್ಕೆಗೆ ಸಿಕ್ಕಿಕೊಂಡಿದೆಯಾ? ನನ್ನ ಅನುಭವದಲ್ಲಿ ಇದು ಬಹಳ. ಯಾರೋ ರ‍್ಯಾಮ್ ಹಾಕಲೆಂದು ಬಿಚ್ಚಿ ವೈರುಗಳನ್ನು ತುರುಕಿ ಮುಚ್ಚಿರುತ್ತಾರೆ. ಒಂದು ತೆಳ್ಳನೆಯ ವೈರ್ ಹೋಗಿ ರೆಕ್ಕೆಗೆ ಅಡ್ಡ ನಿಂತಿರುತ್ತದೆ. ಅದನ್ನು ಸರಿಸಿ ಒಂದು ಟೈ ಬಿಗಿದರೆ ಮುಗಿಯಿತು. ಹಾಗೆಯೇ ಬಸ್ಸಿನಲ್ಲಿ ಬರುವಾಗ ಹಿಂದಿನ ಜಾಲರಿ ಒತ್ತಿ, ರೆಕ್ಕೆಗೆ ತಾಗಿರುವುದೂ ಉಂಟು.

ಇನ್ನು ಬೆರಳು. ರೆಕ್ಕೆಯನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿ ಬಿಡಿ. ಒಳ್ಳೆಯ ಫ್ಯಾನ್ ಇನ್ನೂ ಒಂದೆರಡು ಸುತ್ತು ತಾನೇ ಹೋಗುತ್ತದೆ. ನಿಲ್ಲುವ ಹೊತ್ತಿಗೆ ಸ್ವಲ್ಪ ಹಿಂದೆ ಮುಂದೆ ತೂಗಿ, ಒಂದು ಜಾಗದಲ್ಲಿ ಟಕ್ ಎಂದು ಕೂರುತ್ತದೆ. ಆ ಟಕ್ ಒಳಗಿನ ಅಯಸ್ಕಾಂತದ್ದು, ಅದು ದೋಷವಲ್ಲ. ಬಿಟ್ಟ ಕೂಡಲೇ ಕೆಸರಿನಲ್ಲಿ ಸಿಕ್ಕ ಗಾಲಿಯ ಹಾಗೆ ನಿಂತರೆ ಬೇರಿಂಗ್ ಒಣಗಿದೆ ಅಥವಾ ಜಿಡ್ಡು ಕಟ್ಟಿದೆ. ರೆಕ್ಕೆಯನ್ನು ಆಚೀಚೆ ಅಲುಗಿಸಿದಾಗ ಸಡಿಲ ಹಲ್ಲಿನಂತೆ ಆಡಿದರೆ ಬೇರಿಂಗ್ ಸವೆದಿದೆ, ಅದನ್ನು ಉಳಿಸಲು ಹೋಗಬೇಡಿ. ನುಣ್ಣಗೆ ತಿರುಗಿದರೆ ತಪ್ಪು ಕರೆಂಟಿನ ಕಡೆ ಇರಬಹುದು, ಅದಕ್ಕೆ ಮುಂದೆ ಬರುತ್ತೇನೆ.

ನಮ್ಮ ಊರಿನ ಧೂಳಿಗೆ ಫ್ಯಾನ್ ನಿಲ್ಲುತ್ತದಾ?

ನಿಲ್ಲುತ್ತದೆ. ಯಾವ ಊರಿನ ಡಬ್ಬಿ ಎಂದು ಧೂಳು ನೋಡಿಯೇ ಅರ್ಧ ಹೇಳಬಹುದು. ನಮ್ಮ ಕಡೆಯದು ಎರೆಮಣ್ಣಿನ ಪುಡಿ. ಬೂದು ಬಣ್ಣ, ಹಿಟ್ಟಿನಷ್ಟು ನುಣ್ಣಗೆ, ಎಲ್ಲಿ ಬೇಕಾದರೂ ನುಗ್ಗುತ್ತದೆ. ಜೋಳದ ರಾಶಿ ಕಾಲದಲ್ಲಿ ಅದರ ಜೊತೆ ಹೊಟ್ಟು. ಇದು ಒಣ ಧೂಳು, ಬ್ರಷ್ ಆಡಿಸಿದರೆ ಉದುರುತ್ತದೆ.

ರಬಕವಿ ಬನಹಟ್ಟಿಯಿಂದ ಬರುವುದು ಇನ್ನೊಂದು ಥರ. ಮಗ್ಗದ ಮನೆಯಲ್ಲಿ ಇಟ್ಟ ಕಂಪ್ಯೂಟರ್. ಹತ್ತಿಯ ಸಣ್ಣ ಎಳೆಗಳು ಗಾಳಿಯಲ್ಲಿ ತೇಲಿ ಬಂದು ಫ್ಯಾನಿಗೆ ಸುತ್ತಿಕೊಳ್ಳುತ್ತವೆ. ಮುಂದಿನ ಜಾಲರಿ ಮೇಲೆ ಕೌದಿ ಹೊದಿಸಿದ ಹಾಗೆ ಕೂತಿರುತ್ತದೆ. ಮೂಲೆಯಲ್ಲಿ ಹಿಡಿದು ಎಳೆದರೆ ಒಂದೇ ಹಾಳೆಯಾಗಿ ಬರುತ್ತದೆ. ರೆಕ್ಕೆಯ ಹಿಂದೆ, ನಡುವಿನ ಗುಂಡಿಗೂ ಚೌಕಟ್ಟಿಗೂ ನಡುವೆ ಇರುವ ಸಂದಿಯಲ್ಲಿ ಎಳೆ ಸುತ್ತಿಕೊಂಡಿದ್ದರೆ ಮಾತ್ರ ಫ್ಯಾನ್ ನಿಜಕ್ಕೂ ನಿಲ್ಲುತ್ತದೆ. ಅದು ಮೇಲಿಂದ ಕಾಣುವುದಿಲ್ಲ. ಸಣ್ಣ ಚಿಮಟದಿಂದ ಹಿಡಿದು, ರೆಕ್ಕೆಯನ್ನು ಮೆಲ್ಲಗೆ ತಿರುಗಿಸುತ್ತಾ ದಾರ ಬಿಚ್ಚಿದ ಹಾಗೆ ತೆಗೆಯಬೇಕು. ಇಳಕಲ್ಲಿನ ಒಬ್ಬ ಗಿರಾಕಿಯ ಫ್ಯಾನಿನಲ್ಲಿ ಬಣ್ಣದ ರೇಷ್ಮೆ ಎಳೆಯೇ ಸಿಕ್ಕಿತ್ತು. "ಸೀರಿ ನೇಯ್ದೈತಿ ನೋಡ್ರಿ ಫ್ಯಾನ್" ಎಂದು ಅವರೇ ನಕ್ಕರು.

ಎಲ್ಲಕ್ಕಿಂತ ಕಷ್ಟದ್ದು ಜಿಡ್ಡು ಧೂಳು. ಖಾನಾವಳಿಯ ಬಿಲ್ಲಿಂಗ್ ಕಂಪ್ಯೂಟರ್, ಬೆಲ್ಲದ ಗಾಣದ ಪಕ್ಕದ ಆಫೀಸು, ಭಜಿ ಅಂಗಡಿ. ಎಣ್ಣೆ ಹೊಗೆ ಧೂಳಿನ ಜೊತೆ ಸೇರಿ ರೆಕ್ಕೆಯ ಅಂಚಿಗೆ ಕರೀ ಮೇಣದಂತೆ ಅಂಟುತ್ತದೆ. ಗಾಳಿ ಬಿಟ್ಟರೆ ಇದು ಹೋಗುವುದಿಲ್ಲ. ಫ್ಯಾನನ್ನು ಪೂರ್ತಿ ಬಿಚ್ಚಿ, ಔಷಧಿ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್ ಹತ್ತಿಗೆ ಹಾಕಿ ಒರೆಸಬೇಕು. ನೀರಿನಲ್ಲಿ ಅದ್ದಬೇಡಿ.

ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಬಹುದಾ?

ಬೇಡ. ಆ ಕಂಪ್ರೆಸರ್ ಟ್ಯಾಂಕಿನ ತಳದಲ್ಲಿ ನೀರು ನಿಂತಿರುತ್ತದೆ, ಎಣ್ಣೆ ಅಂಶವೂ ಇರುತ್ತದೆ. ಮೊದಲ ಬಾರಿಗೆ ಪಿಚಕ್ಕನೆ ಬರುವುದು ಅದೇ. ಸಣ್ಣ ಬ್ಲೋವರ್ ಆದರೆ ಸರಿ, ಆದರೆ ಗಾಳಿ ಬಿಡುವಾಗ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಬಿಟ್ಟರೆ ತನ್ನ ಮಿತಿಗಿಂತ ಎಷ್ಟೋ ಜೋರಾಗಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ವೈರ್ ಸಿಕ್ಕಿಸಿದ್ದರೆ ಮೋಟರು ಉಲ್ಟಾ ಡೈನಮೊ ಥರ ಕರೆಂಟ್ ಹುಟ್ಟಿಸಿ ಬೋರ್ಡಿನ ಕಡೆ ಕಳಿಸಲೂಬಹುದು. ಕೆಲಸ ಕಲಿಯುವಾಗ ನಾನೂ ಆ ಸೈರನ್ ಶಬ್ದಕ್ಕೆ ಖುಷಿಪಟ್ಟು ಬ್ಲೋವರ್ ಹಿಡಿದವನೇ. ಮರುದಿನ ಫ್ಯಾನ್ ಕಟಕಟ ಅಂತಿತ್ತು. ಹೊಸದನ್ನು ನನ್ನ ಕೈಯಿಂದಲೇ ಹಾಕಿ ಕೊಟ್ಟೆ.

ಎಣ್ಣೆ ಬಿಟ್ಟರೆ ಸರಿಯಾಗುತ್ತದಾ?

ಆಗುತ್ತದೆ, ಕೆಲವು ತಿಂಗಳ ಮಟ್ಟಿಗೆ. ಕಡಿಮೆ ಬೆಲೆಯ ಫ್ಯಾನುಗಳಲ್ಲಿ ಇರುವುದು ಸ್ಲೀವ್ ಬೇರಿಂಗ್. ಒಂದು ಸಣ್ಣ ಕಂಚಿನ ಕೊಳವೆ, ಎಣ್ಣೆ ಕುಡಿದು ಕೂತಿರುತ್ತದೆ, ಅದರೊಳಗೆ ಕಡ್ಡಿ ತಿರುಗುತ್ತದೆ. ವರ್ಷಗಳ ಬಿಸಿಗೆ ಎಣ್ಣೆ ಆರುತ್ತದೆ. ಉಳಿದದ್ದು ಧೂಳಿನ ಜೊತೆ ಸೇರಿ ಅಂಟಾಗುತ್ತದೆ.

ಹೀಗೆ ಮಾಡಿ. ಫ್ಯಾನ್ ಹೊರಗೆ ತೆಗೆದು, ನಡುವಿನ ಸ್ಟಿಕ್ಕರನ್ನು ಉಗುರಿನಿಂದ ಅರ್ಧ ಮಾತ್ರ ಎಬ್ಬಿಸಿ. ಕೆಳಗೆ ರಬ್ಬರಿನ ಬಿರಡೆ ಇದ್ದರೆ ಸೂಜಿಯಿಂದ ಮೀಟಿ. ಕಡ್ಡಿಯ ತುದಿ ಕಾಣುತ್ತದೆ. ಕರೀ ಅಂಟು ಇದ್ದರೆ ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಿ. ಆಮೇಲೆ ಹೊಲಿಗೆ ಮಷಿನ್ ಎಣ್ಣೆ ಒಂದು ಹನಿ, ಬಹಳ ಅಂದರೆ ಎರಡು. ರೆಕ್ಕೆಯನ್ನು ಹತ್ತಿಪ್ಪತ್ತು ಸಲ ಕೈಯಲ್ಲಿ ತಿರುಗಿಸಿ. ಅಂಚಿಗೆ ಎಣ್ಣೆ ತಾಗಿದ್ದರೆ ಸ್ಟಿಕ್ಕರ್ ಮತ್ತೆ ಅಂಟುವುದಿಲ್ಲ, ಒಣ ಬಟ್ಟೆಯಿಂದ ಒರೆಸಿ ಮೇಲೊಂದು ಟೇಪ್ ಹಚ್ಚಿ. ಸ್ಟಿಕ್ಕರ್ ಕೆಳಗೆ ಬರೀ ಗಟ್ಟಿ ಪ್ಲಾಸ್ಟಿಕ್ ಕಂಡರೆ ಅದು ಮುಚ್ಚಿದ ಬೇರಿಂಗ್. ತೂತು ಕೊರೆಯಲು ಹೋಗಬೇಡಿ.

ಯಾವ ಎಣ್ಣೆ ಬೇಡ? ಕೊಬ್ಬರಿ ಎಣ್ಣೆ ಬೇಡವೇ ಬೇಡ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರಿನಲ್ಲಿ ಬಾಟಲಿಯಲ್ಲಿ ಬೆಳ್ಳಗೆ ಹೆಪ್ಪುಗಟ್ಟುವುದನ್ನು ನೋಡಿದ್ದೀರಲ್ವಾ? ಫ್ಯಾನಿನೊಳಗೂ ಅದೇ ಆಗುತ್ತದೆ. ಶೇಂಗಾ ಎಣ್ಣೆ ಬಿಸಿಗೆ ಅಂಟಾಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಮೊದಲ ದಿನ ಭರ್ಜರಿ ತಿರುಗುತ್ತದೆ, ಆದರೆ ಅದು ಇದ್ದಬದ್ದ ಎಣ್ಣೆಯನ್ನೂ ತೊಳೆದು ತಾನೂ ಆರಿಹೋಗುತ್ತದೆ.

ಬೆಳಿಗ್ಗೆ ತಿರುಗಲ್ಲ, ಮಧ್ಯಾಹ್ನ ತಾನೇ ತಿರುಗುತ್ತದೆ. ಕಡ್ಡಿಯಿಂದ ತಳ್ಳಿದರೂ ಶುರುವಾಗುತ್ತದೆ. ಇದೇನು?

ಚಳಿಗಾಲದ ಪ್ರಶ್ನೆ ಇದು. ಎರಡು ಕಾರಣ ಸೇರಿರುತ್ತವೆ. ತಂಪಿಗೆ ಹಳೆಯ ಎಣ್ಣೆ ದಪ್ಪಗಾಗಿರುತ್ತದೆ. ಜೊತೆಗೆ ಪ್ರೊಸೆಸರ್ ತಣ್ಣಗಿರುವುದರಿಂದ ಬೋರ್ಡು ಫ್ಯಾನಿಗೆ ಕಡಿಮೆ ವೋಲ್ಟೇಜ್ ಕೊಡುತ್ತಿರುತ್ತದೆ. ಈ ಫ್ಯಾನುಗಳು 12 ವೋಲ್ಟಿನವು. ಒಮ್ಮೆ ಶುರುವಾದರೆ ಕಡಿಮೆ ವೋಲ್ಟಿಗೂ ತಿರುಗುತ್ತಿರುತ್ತವೆ, ಆದರೆ ನಿಂತಲ್ಲಿಂದ ಏಳಲು ಅದಕ್ಕಿಂತ ಜಾಸ್ತಿ ಬೇಕು. ತುಂಬಿದ ಚಕ್ಕಡಿ ನೆನೆಸಿಕೊಳ್ಳಿ. ಓಡುವಾಗ ಎತ್ತುಗಳಿಗೆ ಭಾರವಿಲ್ಲ, ಎಬ್ಬಿಸುವಾಗ ಮಾತ್ರ ಹೆಗಲು ಕೊಡಬೇಕು.

ಬಯಾಸ್‌ನ ಫ್ಯಾನ್ ಸೆಟ್ಟಿಂಗ್‌ನಲ್ಲಿ ಕನಿಷ್ಠ ವೇಗ 20 ಶೇಕಡಾ ಇದ್ದರೆ 50ರ ಸುಮಾರಿಗೆ ಏರಿಸಿ ನೋಡಿ. ಅದರಿಂದಲೇ ಸರಿಹೋದರೆ ಒಳ್ಳೆಯದು. ಪೂರ್ತಿ 12 ವೋಲ್ಟ್ ಕೊಟ್ಟರೂ ತಳ್ಳಲೇಬೇಕು ಎಂದರೆ ಬೇರಿಂಗ್ ಸವೆಯುತ್ತಾ ಬಂದಿದೆ. ಹಾಗೆ ಅಂಟಿ ನಿಂತ ಫ್ಯಾನನ್ನು ತಿಂಗಳುಗಟ್ಟಲೆ ಬಿಡಬೇಡಿ. ತಿರುಗಲು ತಿಣುಕುತ್ತಾ ಸುರುಳಿ ಬಿಸಿಯಾಗುವ ಫ್ಯಾನುಗಳೂ ಇವೆ.

ಲೈಟ್ ಝಗಮಗ ಉರಿಯುತ್ತದೆ, ರೆಕ್ಕೆ ಮಾತ್ರ ತಿರುಗಲ್ಲ. ಕರೆಂಟ್ ಬರುತ್ತಿದೆ ಅಂತ ಅಲ್ವಾ ಅರ್ಥ?

ಲೈಟಿಗೆ ಬರುತ್ತಿದೆ ಅಂತ ಅಷ್ಟೇ ಅರ್ಥ. ಬಣ್ಣದ ಫ್ಯಾನುಗಳಲ್ಲಿ ಸಾಮಾನ್ಯವಾಗಿ ಲೈಟಿನ ವೈರ್ ಬೇರೆ, ಮೋಟರಿನ ವೈರ್ ಬೇರೆ. ಮೋಟರಿನದು ಕಳಚಿರಬಹುದು. ಮೂರ‍್ನಾಲ್ಕು ಫ್ಯಾನ್ ಒಟ್ಟಿಗೆ ನಿಂತರಂತೂ ಫ್ಯಾನುಗಳನ್ನು ಬೈಯಬೇಡಿ. ಎಲ್ಲ ಒಂದೇ ದಿನ ಸಾಯುವುದಿಲ್ಲ. ಅವೆಲ್ಲ ಒಂದು ಹಬ್‌ಗೆ, ಅಂದರೆ ಹಲವು ಫ್ಯಾನುಗಳ ವೈರ್ ಕೂಡುವ ಸಣ್ಣ ಪೆಟ್ಟಿಗೆಗೆ, ಹೋಗಿ ಸೇರಿರುತ್ತವೆ, ಆ ಹಬ್ ಕ್ಯಾಬಿನೆಟ್ಟಿನ ಬಲಬದಿಯ ತಗಡಿನ ಹಿಂದೆ ಅಡಗಿರುತ್ತದೆ. ಅದಕ್ಕೆ ಎಸ್‌ಎಂಪಿಎಸ್‌ನಿಂದ ಬರುವ ಚಪ್ಪಟೆ ಸಾಟಾ ಪವರ್ ಕನೆಕ್ಟರ್ ಸಡಿಲಾಗಿರುತ್ತದೆ. ಒತ್ತಿ ಕೂರಿಸಿ.

ಒಂದು ಎಚ್ಚರ. ಲೈಟಿನ ಪ್ಲಗ್‌ಗಳಲ್ಲಿ 5 ವೋಲ್ಟಿನ ಮೂರು ಪಿನ್ನಿನದು ಬೇರೆ, 12 ವೋಲ್ಟಿನ ನಾಲ್ಕು ಪಿನ್ನಿನದು ಬೇರೆ. 5ರದ್ದನ್ನು 12ಕ್ಕೆ ಒತ್ತಿ ಹಾಕಿದರೆ ಲೈಟು ಶಾಶ್ವತವಾಗಿ ಹೋಗುತ್ತದೆ.

3 ಪಿನ್ ಫ್ಯಾನ್, 4 ಪಿನ್ ಸಾಕೆಟ್. ಹಾಕಬಹುದಾ?

ಹಾಕಬಹುದು. ಪ್ಲಾಸ್ಟಿಕ್ಕಿನ ಕಚ್ಚು ನೋಡಿ ಹಾಕಿದರೆ ತಪ್ಪಾಗಿ ಕೂರುವುದೇ ಇಲ್ಲ. ಒಂದು ಪಿನ್ ಗ್ರೌಂಡ್, ಎರಡನೆಯದು 12 ವೋಲ್ಟ್, ಮೂರನೆಯದು ಎಷ್ಟು ತಿರುಗುತ್ತಿದ್ದೇನೆ ಎಂದು ಫ್ಯಾನ್ ಬೋರ್ಡಿಗೆ ಹೇಳುವ ವೈರ್. ನಾಲ್ಕನೆಯದು ಎಷ್ಟು ತಿರುಗಬೇಕು ಎಂದು ಬೋರ್ಡ್ ಫ್ಯಾನಿಗೆ ಹೇಳುವುದು, ಅದಕ್ಕೆ ಪಿಡಬ್ಲ್ಯೂಎಂ ಎನ್ನುತ್ತಾರೆ. 3 ಪಿನ್ ಫ್ಯಾನ್ ಹಾಕಿದರೆ ಬಯಾಸ್‌ನಲ್ಲಿ ಆ ಸಾಕೆಟ್ಟನ್ನು ಡಿಸಿ ಮೋಡ್‌ಗೆ (ವೋಲ್ಟೇಜ್ ಏರಿಳಿಸಿ ವೇಗ ಬದಲಿಸುವುದು) ಇಡಿ, ಇಲ್ಲದಿದ್ದರೆ ಸದಾ ಪೂರ್ತಿ ವೇಗದಲ್ಲಿ ಹೊಡೆದುಕೊಳ್ಳುತ್ತದೆ. 4 ಪಿನ್ನಿನದು ಡಿಸಿ ಮೋಡ್‌ನಲ್ಲಿ ಸಿಕ್ಕಿಕೊಂಡರೆ ಕಡಿಮೆ ವೋಲ್ಟಿಗೆ ಏಳದೇ ಹೋಗಬಹುದು. ಈ ಒಂದು ಸೆಟ್ಟಿಂಗಿಗೆ ಎಷ್ಟೋ ಒಳ್ಳೆಯ ಫ್ಯಾನುಗಳು ಕಸದ ಬುಟ್ಟಿ ಸೇರಿವೆ.

ಫ್ಯಾನ್ ಹೋಗಿದೆಯೋ, ಮದರ್‌ಬೋರ್ಡ್ ಹೋಗಿದೆಯೋ?

ಅದಲು ಬದಲು ಮಾಡಿ. ತಿರುಗುತ್ತಿರುವ ಇನ್ನೊಂದು ಕ್ಯಾಬಿನೆಟ್ ಫ್ಯಾನನ್ನು ಈ ಸಾಕೆಟ್ಟಿಗೆ, ಈ ಫ್ಯಾನನ್ನು ಅದರ ಸಾಕೆಟ್ಟಿಗೆ ಹಾಕಿ. ಪ್ರತಿ ಸಲ ಕಂಪ್ಯೂಟರ್ ಬಂದ್ ಮಾಡಿಯೇ ಬದಲಿಸಿ. ಫ್ಯಾನ್ ಎಲ್ಲಿ ಹೋದರೂ ತಿರುಗದಿದ್ದರೆ ಫ್ಯಾನಿನದೇ ತಪ್ಪು. ಒಳ್ಳೆಯ ಫ್ಯಾನೂ ಆ ಸಾಕೆಟ್ಟಿನಲ್ಲಿ ನಿಂತರೆ ಸಾಕೆಟ್ಟಿನದು ಅಥವಾ ಸೆಟ್ಟಿಂಗಿನದು. ಮಲ್ಟಿಮೀಟರ್ ಇದ್ದವರು ಗ್ರೌಂಡ್ ಮತ್ತು ಎರಡನೇ ಪಿನ್ ನಡುವೆ ನೋಡಬಹುದು, ಫುಲ್ ಸ್ಪೀಡ್ ಇಟ್ಟಾಗ 12 ವೋಲ್ಟ್ ಹತ್ತಿರ ತೋರಿಸಬೇಕು. ಕೈ ನಡುಗುವವರು ಬೇಡ. ಮುಳ್ಳು ಜಾರಿ ಎರಡು ಪಿನ್ ಕೂಡಿದರೆ ಇದ್ದ ಸಾಕೆಟ್ಟೂ ಹೋಗುತ್ತದೆ.

ಸಾಕೆಟ್ಟೇ ಸತ್ತಿದ್ದರೆ ಬೋರ್ಡ್ ಬದಲಿಸಿ ಎನ್ನುವವರನ್ನು ನಂಬಬೇಡಿ. ಬೋರ್ಡಿನಲ್ಲಿ ಖಾಲಿ ಇರುವ ಇನ್ನೊಂದಕ್ಕೆ ಹಾಕಿ. ಅದೂ ಇಲ್ಲದಿದ್ದರೆ ಎಸ್‌ಎಂಪಿಎಸ್‌ನಿಂದ ನೇರ ಕರೆಂಟ್ ಕೊಡುವ ಮೋಲೆಕ್ಸ್ ವೈರ್ ಸಿಗುತ್ತದೆ, ಕಡಿಮೆ ದುಡ್ಡಿಗೆ. ವೇಗ ಹತೋಟಿಗೆ ಸಿಗುವುದಿಲ್ಲ ಅಷ್ಟೇ. ಸಾಕೆಟ್ ಸಾಯುವುದಕ್ಕೆ ಒಂದು ಕಾರಣ ನಾವೇ. ಹೆಚ್ಚಿನ ಸಾಕೆಟ್‌ಗಳು 1 ಆ್ಯಂಪಿಯರ್ ಮಾತ್ರ ಹೊರುತ್ತವೆ. ಪ್ರತಿ ಫ್ಯಾನಿನ ಸ್ಟಿಕ್ಕರ್ ಮೇಲೆ 0.2, 0.3 ಎಂದು ಬರೆದಿರುತ್ತದೆ. ಸ್ಪ್ಲಿಟರ್ (ಒಂದು ಸಾಕೆಟ್ಟನ್ನು ಹಲವಾಗಿ ಕವಲೊಡೆಸುವ ವೈರ್) ಹಾಕಿ ಒಂದಕ್ಕೇ ಐದು ನೇತುಹಾಕುವ ಮೊದಲು ಕೂಡಿಸಿ ನೋಡಿ.

ಫ್ಯಾನ್ ತಿರುಗುತ್ತಿದೆ, ಬಯಾಸ್ 0 ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ತೋರಿಸುತ್ತದೆ.

ಮೂರನೇ ವೈರ್ ಕಡಿದಿದೆ, ಅಥವಾ ಫ್ಯಾನ್ ಹಬ್ ಮೂಲಕ, ಮೋಲೆಕ್ಸ್ ಮೂಲಕ ಹೋಗಿದೆ. ಕಣ್ಣಿಗೆ ತಿರುಗುವುದು ಕಂಡರೆ ಸಾಕು, ಬಿಡಿ.

ಖಂಡೇಪೂಜೆ ಮಾಡಿದ ಮರುದಿನದಿಂದ ನಿಂತಿದೆ. ಯಾಕೆ?

ಪ್ರತಿ ದಸರಾ ಮುಗಿದ ವಾರ ಈ ಪ್ರಶ್ನೆ ಬರುತ್ತದೆ. ದೀಪಾವಳಿ ಲಕ್ಷ್ಮೀ ಪೂಜೆ ಆದ ಮೇಲೆ ಇನ್ನೊಮ್ಮೆ. ಕ್ಯಾಬಿನೆಟ್ ಮೇಲೆ ಚೆಂಡು ಹೂವಿನ ಮಾಲೆ ಹಾಕಿರುತ್ತೀರಿ. ಎಸಳು ಉದುರಿ ಮೇಲಿನ ಜಾಲರಿಯಿಂದ ಒಳಗೆ ಹೋಗುತ್ತದೆ. ಹಸಿ ಎಸಳು ರೆಕ್ಕೆಯ ಸಂದಿಗೆ ಸಿಕ್ಕಿದರೆ ಸಣ್ಣ ಫ್ಯಾನ್ ನಿಲ್ಲುತ್ತದೆ. ಕುಂಕುಮ, ಭಂಡಾರ ಬೇರೆ, ಅದು ಎಣ್ಣೆ ಕಂಡಲ್ಲಿ ಹೋಗಿ ಅಂಟುತ್ತದೆ. ಬಾಗಲಕೋಟೆಯ ಗಿರಾಕಿಗಳದ್ದು ಹೋಳಿ ಆದ ಮೇಲೆ, ಡಬ್ಬಿಯೊಳಗೆಲ್ಲ ಗುಲಾಬಿ ಬಣ್ಣ. ಪೂಜೆ ಮಾಡಬೇಡಿ ಎಂದು ಹೇಳಲು ನಾನ್ಯಾರು? ನಾನೂ ಅಂಗಡಿಯಲ್ಲಿ ಮಾಡುತ್ತೇನೆ. ಕುಂಕುಮ ಮಾನಿಟರ್ ಕಾಲಿಗೆ ಹಚ್ಚುತ್ತೇನೆ, ಹೂವು ಕೀಬೋರ್ಡ್ ಮುಂದೆ ಇಡುತ್ತೇನೆ, ಪೂಜೆ ಮುಗಿಯುವ ತನಕ ಎಲ್ಲ ಬಂದ್.

ಬೆಳಗಾವಿ ಮಳೆಗಾಲಕ್ಕೂ ಫ್ಯಾನಿಗೂ ಸಂಬಂಧ ಇದೆಯಾ?

ತಿಂಗಳುಗಟ್ಟಲೆ ತೇವದ ಹವೆ ಇದ್ದರೆ ಕನೆಕ್ಟರಿನ ಪಿನ್ ಮಂಕಾಗುತ್ತದೆ. ನಾಲ್ಕೈದು ಸಲ ತೆಗೆದು ಹಾಕಿದರೆ ಉಜ್ಜಿ ಸರಿಯಾಗುತ್ತದೆ. ಮಳೆಗಾಲದಲ್ಲಿ ಇಲಿ ಒಳಗೆ ಸೇರಿ ವೈರ್ ಕಡಿಯುವುದೇ ಜಾಸ್ತಿ. ಹಿಂದಿನ ಖಾಲಿ ಸಂದುಗಳಿಗೆ ತಗಡಿನ ಪಟ್ಟಿ ಹಾಕಿ.

ಎಸ್‌ಎಂಪಿಎಸ್ ಫ್ಯಾನ್ ನಿಂತಿದೆ. ಅದಕ್ಕೂ ಒಂದು ಹನಿ ಎಣ್ಣೆ ಬಿಡಲಾ?

ಬೇಡ. ಅದನ್ನು ಬಿಚ್ಚಲೇಬೇಡಿ. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟ್ ಮೇಲೆ ಕೂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು.

ಹೊಸ ಫ್ಯಾನ್ ತರುವಾಗ ಯಾವ ಅಳತೆ ಹೇಳಬೇಕು?

ಚೌಕಟ್ಟಿನ ಈ ಅಂಚಿನಿಂದ ಆ ಅಂಚಿನವರೆಗೆ ಅಳೆಯಿರಿ, ರೆಕ್ಕೆಯನ್ನಲ್ಲ. 80, 92, 120, 140 ಮಿಲಿಮೀಟರ್ ಇವು ಸಾಮಾನ್ಯ. ಫ್ಯಾನ್ ಕೈಯಲ್ಲಿಲ್ಲದಿದ್ದರೆ ಸ್ಕ್ರೂ ತೂತುಗಳ ನಡುವೆ ಅಳೆಯಿರಿ. 105 ಬಂದರೆ ಅದು 120ರ ಫ್ಯಾನ್, 71.5 ಬಂದರೆ 80ರದ್ದು. ಮೇಲೆ ಅಡ್ಡ ಮಲಗಿಸಿ ಹಾಕುವ ಫ್ಯಾನಿಗೆ ಸ್ಲೀವ್ ಬೇರಿಂಗ್ ಬೇಗ ಸವೆಯುತ್ತದೆ, ಅಲ್ಲಿಗೆ ಬಾಲ್ ಬೇರಿಂಗ್ ಅಥವಾ ಹೈಡ್ರಾಲಿಕ್ ಕೇಳಿ. ಫ್ಯಾನ್ ಬರುವ ಪ್ಯಾಕೆಟ್ ಮೇಲಿನ ಅಕ್ಷರವನ್ನೇ ನಂಬಬೇಡಿ. ಒಮ್ಮೆ ಬಾಲ್ ಬೇರಿಂಗ್ ಎಂದು ಬರೆದ ಹತ್ತು ಫ್ಯಾನ್ ತರಿಸಿದ್ದೆ, ಒಂದನ್ನು ಬಿಚ್ಚಿದರೆ ಒಳಗೆ ಅದೇ ಕಂಚಿನ ಕೊಳವೆ.

ಗಾಳಿಯ ದಿಕ್ಕು ತಪ್ಪಬೇಡಿ. ಚೌಕಟ್ಟಿನ ಮೇಲೆ ಬಾಣ ಇದ್ದರೆ ಅದನ್ನು ನೋಡಿ. ಇಲ್ಲದಿದ್ದರೆ, ಮೋಟರನ್ನು ಹಿಡಿದ ಕಾಲುಗಳು ಯಾವ ಕಡೆ ಇವೆಯೋ ಆ ಕಡೆಗೆ ಗಾಳಿ ಹೋಗುತ್ತದೆ. ಮುಂದಿನದು ಒಳಗೆಳೆಯಬೇಕು, ಹಿಂದಿನದು ಹೊರಗೆ ಹಾಕಬೇಕು.

ಅಲ್ಲಿಯ ತನಕ ಬದಿಯ ತಗಡು ತೆಗೆದು ಟೇಬಲ್ ಫ್ಯಾನ್ ಹಚ್ಚಿದರೆ ನಡೆಯುತ್ತದಾ?

ನಡೆಯುತ್ತದೆ, ಎರಡು ದಿನ. ಆದರೆ ನಮ್ಮಲ್ಲಿ ಎರಡು ದಿನ ಎಂದದ್ದು ಎರಡು ವರ್ಷ ಆಗಿರುತ್ತದೆ. ಒಳಗೆ ಹಲ್ಲಿ ಸಂಸಾರ ಹೂಡಿರುತ್ತದೆ.

ನಿಮ್ಮ ಅಂಗಡಿಗೆ ಬರುವುದಾದರೆ ಏನೇನು ತರಬೇಕು?

ಕ್ಯಾಬಿನೆಟ್ ಹೊತ್ತು ತರಬೇಡಿ. ನಾಲ್ಕು ಸ್ಕ್ರೂ ಬಿಚ್ಚಿ ಫ್ಯಾನ್ ಒಂದನ್ನೇ ಚೀಲದಲ್ಲಿ ಹಾಕಿಕೊಂಡು ಬನ್ನಿ. ಬಿಚ್ಚುವ ಮೊದಲು ವೈರ್ ಎಲ್ಲಿಗೆ ಹೋಗಿತ್ತು ಎಂದು ಮೊಬೈಲಿನಲ್ಲಿ ಒಂದು ಫೋಟೊ ಹೊಡೆದುಕೊಳ್ಳಿ. ಆ ನಾಲ್ಕು ಸ್ಕ್ರೂ ಮಾತ್ರ ಮರೆಯದೇ ತನ್ನಿ.